ಸಹಯೋಗಿ ಪತ್ರಿಕೆಗಳ ಬಗ್ಗೆ ನಾಲ್ಕು ಮಾತು

(ಗಿರಣಿ ಕಾಮಗಾರರ ವಾಚನಾಲಯದಲ್ಲಿ ಕನ್ನಡ ಪತ್ರಿಕಾ ದಿನದ ನಿಮಿತ್ತ ನಮ್ಮ ಪತ್ರಿಕೆಯ ಪರವಾಗಿ ಮಾಡಿದ ಭಾಷಣ)



ಇಂದು ಜುಲೈ 1. 1843ನೆಯ ಇಸವಿಯಲ್ಲಿ ಇದೇ ದಿನ ಮಂಗಳೂರಿನಿಂದ ಕನ್ನಡದ ಮೊದಲನೆಯ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಿತ್ತು. ಹೊರಡಿಸಿದವರು ಬಾಸೆಲ್ ಮಿಶನ್ನಿನ ಹೆರ್ಮನ್ ಮ್ಯೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ. ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಕ್ಕೊಮ್ಮೆ ಹೊರಡಿಸುತ್ತಿದ್ದರು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಅದರ ಆಯುಷ್ಯ ದೊಡ್ಡದಲ್ಲ. ಆದರೂ ನೂರಾರು ಮೈಲಿ ದೂರದ ಊರಿನಲ್ಲಿ ನಾವು ಇಂದು ಅದರ ಹೆಸರು ಹೇಳಿ ಸಭೆ ಸೇರಿದ್ದೇವೆ. ಸಣ್ಣ ಪತ್ರಿಕೆಯ ಸಂಗತಿಯೇ ಹೀಗೆ: ಬದುಕುವುದು ಸ್ವಲ್ಪ ದಿನ, ನೆನಪಿನಲ್ಲಿ ಉಳಿಯುವುದು ಬಹಳ ದಿನ.

ಇಂದಿನ ಸಭೆಯಲ್ಲಿ ಹಾರ ತುರಾಯಿಯಷ್ಟೇ ಅಲ್ಲದೆ ಒಂದು ಠರಾವೂ ಇದೆ. ವಾಚನಾಲಯದ ಖರ್ಚು ಏರಿದೆ, ವರ್ಗಣಿ ಕೊಡುವವರು ಇಳಿದಿದ್ದಾರೆ. ಆದ್ದರಿಂದ ಒಂದು ದೊಡ್ಡ ದಿನಪತ್ರಿಕೆಯನ್ನು ಮಾತ್ರ ಇಟ್ಟುಕೊಂಡು ಉಳಿದ ವಾರಪತ್ರಿಕೆ ಮಾಸಪತ್ರಿಕೆಗಳ ಚಂದಾ ನಿಲ್ಲಿಸಬೇಕು ಎಂಬುದು ಕಮಿಟಿಯ ಸೂಚನೆ. ಎಲ್ಲರ ಕೈಯಲ್ಲೂ ಮೊಬೈಲು ಇದೆ, ಸುದ್ದಿ ಅಲ್ಲಿಯೇ ಬರುತ್ತದೆ ಎಂಬ ಕಾರಣವನ್ನೂ ಕೊಟ್ಟಿದ್ದಾರೆ. ಕಮಿಟಿಯವರು ನಮ್ಮವರೇ. ಬಾಡಿಗೆಯ ಚಿಂತೆ ಅವರ ತಲೆಯ ಮೇಲಿದೆ. ಅವರನ್ನು ದೂರಲು ನಾವು ಬಂದಿಲ್ಲ. ಆದರೆ ನಿಲ್ಲಿಸಬೇಕೆನ್ನುವ ವಸ್ತುವಿನ ಬೆಲೆ ಏನೆಂದು ತಿಳಿದು ಮತ ಕೊಡಬೇಕಲ್ಲವೆ? ಅದಕ್ಕಾಗಿ ನಮಗೆ ಮೆಚ್ಚಿಗೆಯಾದ ಕೆಲವು ಪತ್ರಿಕೆಗಳ ವಿಷಯ ನಿಮ್ಮ ಮುಂದಿಡುತ್ತೇವೆ. ಕೆಲವು ಇಂದಿಗೂ ಬರುತ್ತಿವೆ, ಕೆಲವು ನಿಂತು ಎಷ್ಟೋ ಕಾಲವಾಯಿತು. ನಿಂತವುಗಳ ಸಂಚಿಕೆಗಳು ದೊಡ್ಡ ಗ್ರಂಥಾಲಯಗಳಲ್ಲಿ, ಹಳೆಯ ಮನೆಗಳ ಅಟ್ಟದ ಮೇಲೆ, ಅದೃಷ್ಟವಿದ್ದರೆ ರದ್ದಿ ಅಂಗಡಿಯಲ್ಲಿ ಸಿಗುತ್ತವೆ.

ಮೊದಲು ಗಿರಣಿಯವರ ಮಾತನ್ನೇ ಆಡೋಣ. ವಾರಕ್ಕೊಂದು ದಿನ ರಜೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದ್ದೀರಾ? ಮಾಲೀಕರು ಕರುಣೆಯಿಂದ ಕೊಟ್ಟರೆಂದು ತಿಳಿದವರೂ ಇದ್ದಾರೆ. ಅದರ ಹಿಂದೆ ಒಂದು ಪತ್ರಿಕೆ ಇದೆ. 1877ರಲ್ಲಿ ಕೃಷ್ಣರಾವ್ ಭಾಲೇಕರ್ ಪುಣೆಯಲ್ಲಿ 'ದೀನಬಂಧು' ಎಂಬ ಮರಾಠಿ ವಾರಪತ್ರಿಕೆ ಹೊರಡಿಸಿದರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಬಳಗ ಅದು. ಪತ್ರಿಕೆ ನಡೆಯದಂತಾದಾಗ 1880ರಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅದನ್ನು ಮುಂಬಯಿಗೆ ತಂದು ನಡೆಸಿದರು. ಈ ಲೋಖಂಡೆಯವರು ವಕೀಲರಲ್ಲ, ಜಮೀನುದಾರರಲ್ಲ; ಮುಂಬಯಿಯ ಬಟ್ಟೆ ಗಿರಣಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಸೂರ್ಯ ಹುಟ್ಟುವ ಮೊದಲು ಗಿರಣಿಯ ಬಾಗಿಲಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಹೊರಬರುವ ಜನರನ್ನು ಕಣ್ಣಾರೆ ಕಂಡವರು.

1884ರಲ್ಲಿ ಅವರು ಮುಂಬಯಿಯ ಗಿರಣಿ ಕಾಮಗಾರರ ಸಭೆ ಕರೆದು ಒಂದು ಮನವಿ ಬರೆಸಿದರು. ಅದಕ್ಕೆ ಸುಮಾರು 5,500 ಜನ ಸಹಿ ಮಾಡಿದರು. ಏನು ಕೇಳಿದ್ದರು? ರವಿವಾರ ಪೂರ್ತಿ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಸಂಬಳ ಮರುತಿಂಗಳು 15ನೆಯ ತಾರೀಖಿನೊಳಗೆ ಕೈಗೆ ಬರಬೇಕು, ಯಂತ್ರಕ್ಕೆ ಸಿಕ್ಕಿ ಗಾಯಗೊಂಡವನಿಗೆ ಪರಿಹಾರ ಬೇಕು. ಇಷ್ಟೇ. ಇಂದು ಕೇಳಿದರೆ ಇದನ್ನೂ ಕೇಳಿ ಪಡೆಯಬೇಕಾಗಿತ್ತೇ ಎನ್ನಿಸುತ್ತದೆ. ಕೇಳಬೇಕಾಗಿತ್ತು, ಆರು ವರ್ಷ ಕೇಳುತ್ತಲೇ ಇರಬೇಕಾಯಿತು. 1890ರ ಏಪ್ರಿಲ್‌ನಲ್ಲಿ ಹತ್ತು ಸಾವಿರ ಜನರ ಸಭೆ ಸೇರಿತು. ಅಲ್ಲಿ ಇಬ್ಬರು ಹೆಣ್ಣುಮಕ್ಕಳು, ಗಿರಣಿಯಲ್ಲಿ ದುಡಿಯುವವರು, ಎದ್ದು ನಿಂತು ಮಾತಾಡಿದರು. ಆ ವರ್ಷ ಜೂನ್ 10ರಂದು ಮುಂಬಯಿಯ ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. 1891ರ ಕಾರ್ಖಾನೆ ಕಾನೂನಿನಲ್ಲಿ ಅದು ಸೇರಿತು.

ಆ ಕಾಲದ ದೊಡ್ಡ ಪತ್ರಿಕೆಗಳಿಗೆ ಗಿರಣಿಯ ಸುದ್ದಿ ಎಂದರೆ ಹತ್ತಿಯ ಧಾರಣೆ, ಷೇರಿನ ಏರಿಳಿತ. ಕಾಮಗಾರನ ಊಟದ ಬಿಡುವು ಸುದ್ದಿಯೆಂದು ಅವಕ್ಕೆ ತೋರಿರಲಿಲ್ಲ. ತೋರಿದ್ದು 'ದೀನಬಂಧು'ವಿಗೆ. ಅಂಚೆ ಇಲಾಖೆಯವರು 2005ರಲ್ಲಿ ಲೋಖಂಡೆಯವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿದರು. ಅದನ್ನು ಹಚ್ಚಿದ ಕಾಗದ ನಮ್ಮಲ್ಲಿ ಎಷ್ಟು ಮನೆಗೆ ಬಂದಿತೋ, ಯಾರ ಚಿತ್ರವೆಂದು ಎಷ್ಟು ಮಂದಿ ನೋಡಿದರೋ! ಇದಕ್ಕೂ ಮುಂಚೆ, 1874ರಲ್ಲಿ, ಕಲ್ಕತ್ತೆಯ ಹತ್ತಿರದ ಬರಾನಗರದಲ್ಲಿ ಶಶಿಪದ ಬ್ಯಾನರ್ಜಿ 'ಭಾರತ ಶ್ರಮಜೀವಿ' ಎಂಬ ಒಂದು ಪೈಸೆಯ ಮಾಸಪತ್ರಿಕೆಯನ್ನು ಕಾಮಗಾರರಿಗಾಗಿಯೇ ಬಂಗಾಳಿಯಲ್ಲಿ ಹೊರಡಿಸಿದ್ದರು ಎಂಬುದನ್ನೂ ಹೇಳಿಬಿಡುತ್ತೇವೆ. ಅದರಲ್ಲಿ ಹಕ್ಕಿನ ಮಾತಿಗಿಂತ ನೀತಿಯ ಮಾತು ಹೆಚ್ಚು. ಆದರೂ ಒಂದು ಪೈಸೆಗೆ ಕಾಮಗಾರನಿಗೆ ಓದು ಸಿಗಬೇಕೆಂಬ ಯೋಚನೆ ದೊಡ್ಡದು.

ಈಗ ಅಂಗಡಿಕಾರ ಮಿತ್ರರು ಕೇಳಬಹುದು: ಪತ್ರಿಕೆಗೆ ದುಡ್ಡು ಎಲ್ಲಿಂದ ಬರುತ್ತದೆ, ಸಣ್ಣದು ಯಾಕೆ ಸಾಯುತ್ತದೆ, ದೊಡ್ಡದು ಯಾಕೆ ಕೊಬ್ಬುತ್ತದೆ ಎಂದು. ನಿಮ್ಮ ವ್ಯವಹಾರದ ಮಾತಿನಲ್ಲೇ ಹೇಳೋಣ. ನಿಮ್ಮ ಓಣಿಯಲ್ಲಿ ಒಬ್ಬ ಹೊಸ ಅಂಗಡಿ ಹಾಕಿ ಹತ್ತಕ್ಕೆ ಕೊಂಡ ಬೆಲ್ಲವನ್ನು ಐದಕ್ಕೆ ಮಾರತೊಡಗಿದ ಎನ್ನಿ. ಗಿರಾಕಿಗಳಿಗೆ ಸಂತೋಷ. ನೀವು ಮಾತ್ರ ಗಲ್ಲದ ಮೇಲೆ ಕೈಯಿಟ್ಟು ಯೋಚಿಸುತ್ತೀರಿ: ಉಳಿದ ಐದು ಇವನಿಗೆ ಯಾರು ಕೊಡುತ್ತಾರೆ? ದೊಡ್ಡ ದಿನಪತ್ರಿಕೆಯ ವ್ಯಾಪಾರ ಇಂಥದೇ. ಕಾಗದ, ಮಸಿ, ಅಚ್ಚು, ಲಾರಿ, ಸಂಬಳ ಎಲ್ಲ ಕೂಡಿದರೆ ನೀವು ಕೊಡುವ ಬೆಲೆ ಸಾಲುವುದಿಲ್ಲ. ಉಳಿದದ್ದನ್ನು ಜಾಹೀರಾತಿನವರು ಕೊಡುತ್ತಾರೆ: ಕಂಪನಿಗಳವರು, ಸರ್ಕಾರದವರು. ಕೊಡುವವರು ಸುಮ್ಮನೆ ಕೊಡುತ್ತಾರೆಯೇ? ಹಾಗೆಂದು ದೊಡ್ಡ ಪತ್ರಿಕೆಗಳಲ್ಲಿ ದುಡಿಯುವವರೆಲ್ಲ ಕೆಟ್ಟವರೆಂದು ನಾವು ಹೇಳುವುದಿಲ್ಲ. ಅಲ್ಲಿಯೂ ರಾತ್ರಿ ಎರಡು ಗಂಟೆಯವರೆಗೆ ಕಣ್ಣುರಿಸಿಕೊಂಡು ನಿಜ ಬರೆಯುವ ಮಂದಿ ಇದ್ದಾರೆ. ಅವರ ಕೈ ಕಟ್ಟಿದೆ ಎಂಬುದಷ್ಟೇ ನಮ್ಮ ಮಾತು.

ಈ ಕಟ್ಟನ್ನು ಬಿಚ್ಚಿ ನೋಡಿದವರು ಕೆಲವರು ಇದ್ದಾರೆ. ಗಾಂಧೀಜಿಯವರು ತಮ್ಮ ಪತ್ರಿಕೆಗಳಲ್ಲಿ ಜಾಹೀರಾತು ಬೇಡವೆಂದರು. ಚಂದಾದಾರನೇ ಪತ್ರಿಕೆಯನ್ನು ಸಾಕಬೇಕು, ಸಾಕದಿದ್ದರೆ ಅದು ನಿಲ್ಲಬೇಕು ಎಂಬುದು ಅವರ ಲೆಕ್ಕ. ನಮ್ಮ ಕಾಲಕ್ಕೆ ಕನ್ನಡದಲ್ಲಿ ಅದನ್ನು ಮಾಡಿ ತೋರಿಸಿದವರು ಪಿ. ಲಂಕೇಶ್. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಕೆಲಸ ಬಿಟ್ಟು 1980ರಲ್ಲಿ 'ಲಂಕೇಶ್ ಪತ್ರಿಕೆ' ಎಂಬ ವಾರಪತ್ರಿಕೆ ಹಾಕಿದರು. ಒಂದು ಜಾಹೀರಾತೂ ಇಲ್ಲ. ಓದುಗ ಕೊಡುವ ಬೆಲೆಯ ಮೇಲೆಯೇ ಪತ್ರಿಕೆ ನಡೆಯಬೇಕು, ನಡೆಯಿತು. ಆಗ ಗುಂಡೂರಾಯರ ಸರ್ಕಾರ. ವಿಧಾನಸೌಧದ ಸುದ್ದಿಯನ್ನು ಹೋಟೆಲಿನ ಬೆಂಚಿನ ಮಾತಿನಲ್ಲಿ ಬರೆಯಬಹುದು ಎಂದು ಕನ್ನಡಿಗರಿಗೆ ಗೊತ್ತಾದದ್ದು ಆಗಲೇ. 1983ರ ಚುನಾವಣೆಯಲ್ಲಿ ಆ ಸರ್ಕಾರ ಸೋತಿತು. ಪತ್ರಿಕೆಯೇ ಸೋಲಿಸಿತು ಎನ್ನುವ ಉತ್ಸಾಹಿಗಳಿದ್ದಾರೆ. ನಾವು ಅಷ್ಟು ದೂರ ಹೋಗುವುದಿಲ್ಲ. ನರಗುಂದ ನವಲಗುಂದದ ರೈತರ ಪಾಲನ್ನು ಒಬ್ಬ ಸಂಪಾದಕರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಲಂಕೇಶರ ಪತ್ರಿಕೆಯನ್ನು ನಾವು ಮೆಚ್ಚುವುದು ಇನ್ನೊಂದು ಕಾರಣಕ್ಕೆ. ಅವರ ಟೀಕೆಯ ಹರಿತ ಕೆಲವೊಮ್ಮೆ ಮಿತಿ ಮೀರಿ ಮನುಷ್ಯರನ್ನೇ ಕೊಯ್ಯುತ್ತಿತ್ತು. ಅದು ನಮಗೆ ಹಿಡಿಸಿದ್ದಲ್ಲ. ಆದರೆ ಇತರರು ಬಾಗಿಲು ತೆಗೆಯದವರಿಗೆ ಅವರು ತೆಗೆದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಎಂಬ ಗೃಹಿಣಿಯ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ವಾರ ವಾರವೂ ಅಚ್ಚಾದದ್ದು ಅಲ್ಲಿ. ತಲಾಖಿನ ಕಟ್ಟಳೆಯಲ್ಲಿ ಸಿಕ್ಕ ಹೆಣ್ಣೊಬ್ಬಳ ಗೋಳನ್ನು ಆ ಮನೆಯೊಳಗಿನವರೇ ಬರೆದದ್ದನ್ನು ಕನ್ನಡ ಓದುಗರು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹಾಸನದ ಬಾನು ಮುಷ್ತಾಕ್ 1981ರಿಂದ ಹತ್ತು ವರ್ಷದ ಹತ್ತಿರ ಅದೇ ಪತ್ರಿಕೆಗೆ ವರದಿಗಾರರಾಗಿದ್ದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಾಗ, ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ ಅದನ್ನು ಪಡೆದಾಗ, ದೊಡ್ಡ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಫೋಟೋ ಹಾಕಿದವು. ಸಂತೋಷವೇ. ಜಿಲ್ಲೆಯ ಊರಿನ ಆ ಹೆಣ್ಣುಮಗಳ ಕೈಗೆ ಮೊದಲು ಪೆನ್ನಿನ ಕೆಲಸ ಕೊಟ್ಟ ಪತ್ರಿಕೆಗಳ ಪೈಕಿ ಜಾಹೀರಾತಿಲ್ಲದ ಒಂದು ವಾರಪತ್ರಿಕೆಯೂ ಇತ್ತು ಎಂಬುದನ್ನು ನಾವಾದರೂ ಹೇಳಬೇಕು.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಇನ್ನಿಬ್ಬರ ಹೆಸರು. ನಂಜನಗೂಡು ತಿರುಮಲಾಂಬ, ಬಾಲವಿಧವೆ. ಹೊರಗೆ ಕಾಲಿಡಲು ಅಂಜುವ ಕಾಲದಲ್ಲಿ ತಾವೇ ಪುಸ್ತಕ ಪ್ರಕಟಿಸಿ, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮ 'ಸರಸ್ವತಿ'ಯನ್ನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹೊರಡಿಸಿದರು. ನಲವತ್ತು ವರ್ಷ! ಪತ್ರಿಕೆ ನಡೆಸಿ ಬಲ್ಲವರಿಗೆ ಇದರ ಅರ್ಥ ತಿಳಿದೀತು. ನಮ್ಮಲ್ಲಿ ಎಷ್ಟೋ ಪತ್ರಿಕೆಗಳು ನಾಲ್ಕನೆಯ ಸಂಚಿಕೆಯ ಕಾಗದದ ಬಾಕಿ ತೀರಿಸಲಾರದೆ ಕಣ್ಣು ಮುಚ್ಚಿವೆ.

ಸಹಯೋಗಿ ಎಂಬ ಶಬ್ದವನ್ನು ಪತ್ರಿಕೆಯವರು ಒಬ್ಬರಿಗೊಬ್ಬರು ಬಳಸುತ್ತಾರೆ. ಆದರೆ ಸಹಯೋಗ ಎಲ್ಲ ಕಾಲಕ್ಕೂ ಎಲ್ಲರಿಗೂ ಸಿಕ್ಕಿಲ್ಲ. ಡಾ. ಅಂಬೇಡ್ಕರ್ 1920ರ ಜನವರಿ 31ರಂದು 'ಮೂಕನಾಯಕ' ಎಂಬ ಮರಾಠಿ ಪಾಕ್ಷಿಕ ಆರಂಭಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ನೆರವು ಕೊಟ್ಟರು. ಹೊಸ ಪತ್ರಿಕೆ ಬರುತ್ತಿದೆ ಎಂಬ ಪ್ರಕಟಣೆ ಹಾಕಿರೆಂದು ಆಗಿನ ಹೆಸರಾಂತ 'ಕೇಸರಿ'ಯನ್ನು ಕೇಳಿದರು. ಪುಕ್ಕಟೆಯಲ್ಲ, ದುಡ್ಡು ಕೊಡುತ್ತೇವೆಂದು ಕೇಳಿದರು. 'ಕೇಸರಿ' ಹಾಕಲಿಲ್ಲ. ಆ 'ಕೇಸರಿ'ಯ ಲೇಖನಗಳಿಗಾಗಿಯೇ ತಿಲಕರು 1908ರಲ್ಲಿ ಆರು ವರ್ಷದ ಶಿಕ್ಷೆ ಹೊತ್ತು ಮಂಡಾಲೆಗೆ ಹೋಗಿದ್ದರು. ಪರಕೀಯರ ಸರ್ಕಾರದ ಎದುರು ಅಷ್ಟು ಎದೆಗಾರಿಕೆ, ಅಸ್ಪೃಶ್ಯರ ಪತ್ರಿಕೆಯ ಒಂದು ಜಾಹೀರಾತಿಗೆ ಮಾತ್ರ ಜಾಗವಿಲ್ಲ! 'ಮೂಕನಾಯಕ' 1923ರ ಹೊತ್ತಿಗೆ ನಿಂತಿತು. ಅಂಬೇಡ್ಕರರು 1927ರ ಏಪ್ರಿಲ್ 3ರಂದು 'ಬಹಿಷ್ಕೃತ ಭಾರತ' ಹೊರಡಿಸಿದರು. ಅದರ ಅಂಕಣಗಳನ್ನು ಬಹುಮಟ್ಟಿಗೆ ಅವರೊಬ್ಬರೇ ಬರೆದು ತುಂಬಬೇಕಾಯಿತು. ಕೋರ್ಟಿನ ಕೆಲಸ, ಸಭೆಯ ಕೆಲಸ ಎಲ್ಲ ಮುಗಿಸಿ ದೀಪದ ಮುಂದೆ ಕೂತು ಪುಟ ತುಂಬಿದರು.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿ ನೋಡಿ. 1933ರ ಫೆಬ್ರವರಿ 11ರಂದು 'ಹರಿಜನ' ಪತ್ರಿಕೆಯ ಮೊದಲ ಸಂಚಿಕೆ ಬಂತು. ಗಾಂಧೀಜಿ ಆಗ ಯರವಡಾ ಸೆರೆಮನೆಯಲ್ಲಿದ್ದರು. ಅಂಬೇಡ್ಕರರಿಂದ ಸಂದೇಶ ಕೇಳಿದರು. ಅಂಬೇಡ್ಕರರು ಹಾರೈಕೆ ಕಳಿಸಲಿಲ್ಲ. ಜಾತಿ ಇರುವವರೆಗೂ ಜಾತಿಯ ಹೊರಗಿನವರು ಇದ್ದೇ ಇರುತ್ತಾರೆ, ಜಾತಿಯನ್ನೇ ಒಡೆಯದೆ ಬಿಡುಗಡೆಯಿಲ್ಲ ಎಂದು ಬರೆದು ಕಳಿಸಿದರು. ಪತ್ರಿಕೆಯ ಬುಡಕ್ಕೇ ಕೊಡಲಿ! ಗಾಂಧೀಜಿ ಅದನ್ನು ಮೊದಲ ಸಂಚಿಕೆಯಲ್ಲೇ ಅಚ್ಚು ಹಾಕಿ, ಪಕ್ಕದಲ್ಲಿ ತಮ್ಮ ಉತ್ತರವನ್ನೂ ಕೊಟ್ಟರು. ಇಬ್ಬರಲ್ಲಿ ಯಾರು ಸರಿ ಎಂದು ನೀವು ಓದಿ ತೀರ್ಮಾನಿಸಿ. ನಮ್ಮ ಒಲವು ಎತ್ತ ಎಂಬುದು ನಮ್ಮ ಪತ್ರಿಕೆ ಓದುವವರಿಗೆ ಗೊತ್ತೇ ಇದೆ. ಆದರೆ ವಿರೋಧಿಯ ಮಾತನ್ನು ಕತ್ತರಿಸದೆ ಮೊದಲ ದಿನವೇ ಪ್ರಕಟಿಸುವ ಧೈರ್ಯವುಳ್ಳ ಸಂಪಾದಕರು ಇಂದು ಎಷ್ಟು ಜನ? ನಮ್ಮ ಕನ್ನಡದಲ್ಲಿ 1970ರ ದಶಕದಲ್ಲಿ ಬಂದ 'ಪಂಚಮ', ಶೂದ್ರ ಶ್ರೀನಿವಾಸರು ನಡೆಸಿದ 'ಶೂದ್ರ', ಧಾರವಾಡದ 'ಸಂಕ್ರಮಣ' ಇವೆಲ್ಲ ಜಗಳವಾಡಿಕೊಂಡೇ ಬೆಳೆದ ಪತ್ರಿಕೆಗಳು. ಸಿಕ್ಕರೆ ಬಿಡಬೇಡಿ.

ಸರ್ಕಾರಗಳ ವಿಷಯ ಸ್ವಲ್ಪ. ಮೈಸೂರು ಸಂಸ್ಥಾನ ಮಾದರಿ ಸಂಸ್ಥಾನವೆಂದು ನಮ್ಮ ಹಿರಿಯರು ಹೊಗಳುತ್ತಾರೆ. ಆ ಮಾದರಿ ಸಂಸ್ಥಾನ 1908ರಲ್ಲಿ ವೃತ್ತಪತ್ರಿಕೆಗಳ ಕಾನೂನು ತಂದು, ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸಕೂಡದೆಂದಿತು. 'ತಾತಯ್ಯ' ಎಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅಪ್ಪಣೆ ಬೇಡುವುದರ ಬದಲು ಪತ್ರಿಕೆಯನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಸ್ವಂತ ಕೂಸಿನ ಹಾಗೆ ಸಾಕಿದ್ದನ್ನು ನಿಲ್ಲಿಸುವುದು ಸುಲಭವಲ್ಲ. ಸ್ವರಾಜ್ಯ ಬಂದ ಮೇಲೂ 1975ರ ಜೂನಿನಿಂದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸೆನ್ಸಾರಿನವನ ಮುಂದೆ ಪುಟಗಳನ್ನು ಇಡಬೇಕಾಯಿತು.

ಆ ಕಾಲದಲ್ಲಿ ತಲೆಬಾಗದ ಸಹಯೋಗಿಗಳಲ್ಲಿ ಪುಣೆಯ 'ಸಾಧನಾ' ಒಂದು. ಸಾನೆ ಗುರೂಜಿಯವರು 1948ರ ಆಗಸ್ಟ್ 15ರಂದು ಆರಂಭಿಸಿದ ಸಮಾಜವಾದಿ ವಾರಪತ್ರಿಕೆ, ಇಂದಿಗೂ ಬರುತ್ತಿದೆ. ನಮ್ಮ ಗಡಿ ಭಾಗದವರಲ್ಲಿ ಮರಾಠಿ ಬಲ್ಲವರು ಬಹಳ; ಅವರು ಇದನ್ನು ತರಿಸಿ ಓದಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಅದರ ಸಂಪಾದಕರಾಗಿದ್ದ ಡಾ. ನರೇಂದ್ರ ದಾಭೋಲ್ಕರ್ ಮಾಟ ಮಂತ್ರದ ಹೆಸರಿನಲ್ಲಿ ಬಡವರನ್ನು ಸುಲಿಯುವವರ ವಿರುದ್ಧ ಹೋರಾಡಿದವರು. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ತಿರುಗಾಡಲು ಹೋದವರನ್ನು ಗುಂಡಿಕ್ಕಿ ಕೊಂದರು. 2024ರಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು, ಮೂವರು ಬಿಡುಗಡೆಯಾದರು. ನಾಲ್ಕು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರ ರಾತ್ರಿ, ತಂದೆಯಂತೆಯೇ ಜಾಹೀರಾತಿಲ್ಲದ ವಾರಪತ್ರಿಕೆ ನಡೆಸುತ್ತಿದ್ದ ಗೌರಿ ಲಂಕೇಶ್ ಬೆಂಗಳೂರಿನಲ್ಲಿ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಸಣ್ಣ ಪತ್ರಿಕೆಗೆ ಯಾವ ಪ್ರಭಾವವೂ ಇಲ್ಲ ಎನ್ನುವವರು ಇದ್ದಾರೆ. ಕೊಂದವರಿಗೆ ಹಾಗೆ ತೋರಲಿಲ್ಲ.

ಮೊಬೈಲಿನ ಮಾತಿಗೆ ಬರೋಣ. ನಾವು ಮೊಬೈಲಿನ ವೈರಿಗಳಲ್ಲ. ನಮ್ಮ ಜೇಬಿನಲ್ಲೂ ಒಂದಿದೆ. ಆದರೆ ಯಾವುದಾದರೂ ಪತ್ರಿಕೆ ತೆಗೆದುಕೊಂಡು ಕೊನೆಯ ಪುಟದ ಬುಡದಲ್ಲಿ ನೋಡಿ, ಸಣ್ಣ ಅಕ್ಷರದಲ್ಲಿ ಸಂಪಾದಕ, ಮುದ್ರಕ, ಪ್ರಕಾಶಕರ ಹೆಸರಿರುತ್ತದೆ. 1867ರ ಕಾನೂನಿನ ಕಾಲದಿಂದ ಮುದ್ರಕ ಪ್ರಕಾಶಕರ ಹೆಸರು ಮುಚ್ಚಿಡುವಂತಿಲ್ಲ. 2024ರ ಮಾರ್ಚಿನಿಂದ ಅದರ ಸ್ಥಾನದಲ್ಲಿ ಹೊಸ ಕಾನೂನು ಬಂದಿದೆ. ಬರೆದದ್ದು ಸುಳ್ಳಾದರೆ ಖಟ್ಲೆ ಹಾಕಲು ಒಬ್ಬ ಮನುಷ್ಯ ಸಿಗುತ್ತಾನೆ. ಬೆಳಿಗ್ಗೆ ಎದ್ದೊಡನೆ ಮೊಬೈಲಿನಲ್ಲಿ ಬಂದು ಬೀಳುವ ಸುದ್ದಿಗೆ ಅಪ್ಪ ಯಾರು, ಅವ್ವ ಯಾರು? ಉಗಾಣಿ ಚೀಟಿಯಿಲ್ಲದ ಮಾಲನ್ನು ನೀವು ನಿಮ್ಮ ಅಂಗಡಿಗೆ ಇಳಿಸಿಕೊಳ್ಳುತ್ತೀರಾ?

ಚಂದಾ ಹೊರೆಯೆಂದು ಹೇಳುವವರಿಗೆ 'ಮುಂಗಾರು' ಪತ್ರಿಕೆಯ ಕಥೆ ಹೇಳಬೇಕು. ಬೆಂಗಳೂರಿನ ದೊಡ್ಡ ಪತ್ರಿಕೆಯಲ್ಲಿ ಹೆಸರು ಗಳಿಸಿದ್ದ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ಈ ದಿನಪತ್ರಿಕೆ ಹೊರಡಿಸಿದರು. ಬಂಡವಾಳ ಎಲ್ಲಿಂದ? ಓದುಗರಿಂದಲೇ ಷೇರು ಕೂಡಿಸಿದರು. ಪತ್ರಿಕೆ ಓದುಗರ ಒಡೆತನದ್ದಾಗಬೇಕು ಎಂಬ ಹಂಬಲ. ಹಿಂದುಳಿದವರ, ದಲಿತರ, ಅಲ್ಪಸಂಖ್ಯಾತರ ಮಕ್ಕಳನ್ನು ಕರೆದು ಕೆಲಸ ಕಲಿಸಿದರು. ಪತ್ರಿಕೆ ಬಹುಕಾಲ ನಿಲ್ಲಲಿಲ್ಲ. ಹಣದ ಮುಗ್ಗಟ್ಟು ಅದನ್ನು ನುಂಗಿತು. ಆದರೆ ಅಲ್ಲಿ ಕಲಿತವರು ನಾಡಿನ ಬೇರೆ ಬೇರೆ ಪತ್ರಿಕೆಗಳಿಗೆ ಹೋಗಿ ಇಂದಿಗೂ ಆ ಕಲಿಕೆಯನ್ನು ಮರೆತಿಲ್ಲ. ಅದು ಸೋಲೆನ್ನುವವರು ಎನ್ನಲಿ. ನಮ್ಮ ಮಟ್ಟಿಗೆ, ಐದು ನೂರು ಬೀಜ ಚೆಲ್ಲಿ ಒಣಗಿದ ಗಿಡ ಅದು. ಜಿಲ್ಲೆಯ ಊರಿನಲ್ಲಿ ನಿಂತು ಗೆದ್ದವರೂ ಇಲ್ಲದಿಲ್ಲ: ರಾಜಶೇಖರ ಕೋಟಿಯವರು 1972ರಲ್ಲಿ ಧಾರವಾಡದಲ್ಲಿ ಹುಟ್ಟಿಸಿದ 'ಆಂದೋಲನ' ಮೈಸೂರಿಗೆ ಹೋಗಿ ಆ ಊರಿನವರ ದಿನಪತ್ರಿಕೆಯೇ ಆಯಿತು.

ಬರೀ ಹೋರಾಟದ ಪತ್ರಿಕೆಗಳನ್ನೇ ಹೇಳಿ ನಿಮ್ಮನ್ನು ದಣಿಸಿದೆವೇನೋ. ಮನೆಯಲ್ಲಿ ಮಕ್ಕಳಿಗೂ ಓದಿಸಬಹುದಾದದ್ದು ಬೇಕಲ್ಲ? ಹುಬ್ಬಳ್ಳಿಯಲ್ಲಿ 1956ರಲ್ಲಿ ಆರಂಭವಾದ ಮಾಸಪತ್ರಿಕೆ 'ಕಸ್ತೂರಿ'ಯ ಹಳೆಯ ಸಂಚಿಕೆಗಳನ್ನು ಹುಡುಕಿ. ಬಹುಕಾಲ ಅದರ ಸಂಪಾದಕರಾಗಿದ್ದವರು ಪಾ. ವೆಂ. ಆಚಾರ್ಯರು. ಉಡುಪಿಯ ಬಡ ಮನೆಯವರು, ಕಾಲೇಜಿನ ಮೆಟ್ಟಿಲು ಹತ್ತದೆ ತಾವೇ ಓದಿ ಹಲವು ಭಾಷೆ ಕಲಿತವರು. ವಿಜ್ಞಾನ, ಇತಿಹಾಸ, ವೈದ್ಯ, ನಗೆಮಾತು ಎಲ್ಲ ಅದರಲ್ಲಿ. ಪ್ರತಿ ಸಂಚಿಕೆಯ ಕೊನೆಗೆ ಒಂದು ದೊಡ್ಡ ಪುಸ್ತಕದ ಸಾರ. ಊರ ಗ್ರಂಥಾಲಯದ ಮುಖ ನೋಡದವನಿಗೆ ತಿಂಗಳಿಗೊಂದು ಪುಸ್ತಕ ಮನೆ ಬಾಗಿಲಿಗೆ ಬಂದಂತೆ. 'ಪದಾರ್ಥ ಚಿಂತಾಮಣಿ' ಎಂಬ ಅಂಕಣದಲ್ಲಿ ಅವರು ದಿನ ಬಳಸುವ ಶಬ್ದಗಳ ಹುಟ್ಟು ಹುಡುಕುತ್ತಿದ್ದರು. ಕಿರಾಣಿ ಅಂಗಡಿಯ ಮಿತ್ರರು ಒಮ್ಮೆ ಅದನ್ನು ಓದಿದರೆ, ತಾವು ದಿನವೂ ತೂಗಿ ಕೊಡುವ ಸಾಮಾನಿನ ಹೆಸರುಗಳನ್ನೂ ಬೇರೆ ಕಣ್ಣಿನಿಂದ ನೋಡತೊಡಗುತ್ತಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಠರಾವಿನ ಮೇಲೆ ನಮ್ಮದೊಂದು ತಿದ್ದುಪಡಿ ಇದೆ: ಚಂದಾ ನಿಲ್ಲಿಸುವ ಬದಲು, ಪ್ರತಿ ಪಾಳಿಯವರು ಒಂದು ಪತ್ರಿಕೆಯ ಹೊಣೆ ಹೊರಲಿ, ಬಜಾರದವರು ಎರಡರ ಹೊಣೆ ಹೊರಲಿ. ತಲೆಗೆ ತಿಂಗಳಿಗೆ ಎರಡು ಕಪ್ಪು ಚಹಾದ ದುಡ್ಡೂ ಆಗುವುದಿಲ್ಲ. ಲೆಕ್ಕವನ್ನು ಕಾರ್ಯದರ್ಶಿಗಳ ಕೈಗೆ ಬರೆದು ಕೊಟ್ಟಿದ್ದೇವೆ. ಯಾವ ಪತ್ರಿಕೆ ಎಂಬುದನ್ನು ಓದುವವರೇ ಆರಿಸಲಿ. ನಮ್ಮ ಪತ್ರಿಕೆಯನ್ನು ಆರಿಸಬೇಕೆಂದು ನಾವು ಹೇಳುವುದಿಲ್ಲ, ಅದನ್ನು ಹೇಗೂ ಈ ವಾಚನಾಲಯಕ್ಕೆ ಪುಕ್ಕಟೆ ಕಳಿಸುತ್ತಿದ್ದೇವೆ. ಮತಕ್ಕೆ ಹಾಕುವ ಮುಂಚೆ ಹತ್ತು ನಿಮಿಷ ಬಿಡುವು ಕೊಡಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ. ಆ ಮೂಲೆಯ ಮೇಜಿನ ಮೇಲೆ 'ಕಸ್ತೂರಿ'ಯ, 'ಲಂಕೇಶ್ ಪತ್ರಿಕೆ'ಯ ಕೆಲವು ಹಳೆಯ ಸಂಚಿಕೆಗಳನ್ನು ಇಟ್ಟಿದ್ದೇವೆ. ಕಾಗದ ಬಹಳ ಹಳೆಯದು, ಹಗುರಾಗಿ ತಿರುವಿರಿ. ರಾತ್ರಿ ಪಾಳಿಗೆ ಹೋಗಬೇಕಾದವರು ಮೊದಲು ನೋಡಲಿ.